ಎಣ್ಣೆ ಮೇಲೇಳುವ ಹೊತ್ತು

ಬೆಂಗಳೂರಿನ ಪೀಣ್ಯದ ಸಣ್ಣ ಮಷೀನ್ ಶಾಪುಗಳಲ್ಲಿ ಕೆಲಸ ಮಾಡಿದವರಿಗೆ ಸೋಮವಾರ ಬೆಳಗಿನ ನಾತ ಚೆನ್ನಾಗಿ ಗೊತ್ತು. ಶನಿವಾರ ರಾತ್ರಿ ಯಂತ್ರ ನಿಲ್ಲಿಸಿ ಶಟರ್ ಎಳೆದು ಹೋಗುವಾಗ ಎಲ್ಲವೂ ಸರಿಯಾಗಿರುತ್ತದೆ. ಭಾನುವಾರ ಕಳೆದು ಬಂದು ಕೂಲೆಂಟ್ ಪಂಪ್ ಚಾಲೂ ಮಾಡಿದರೆ ಸಾಕು, ಕೊಳೆತ ಮೊಟ್ಟೆಯ ವಾಸನೆ ಶೆಡ್ಡಿನ ತುಂಬ ಹರಡಿಕೊಳ್ಳುತ್ತದೆ. ಆಪರೇಟರ್ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುತ್ತಾನೆ. ಸೂಪರ್‌ವೈಸರ್ ಕೂಲೆಂಟ್ ಮಾರಿದವನಿಗೆ ಫೋನ್ ಮಾಡಿ ಬೈಯುತ್ತಾನೆ. ಹೆಚ್ಚಿನ ಸಲ ಆ ಬೈಗುಳ ತಪ್ಪು ವಿಳಾಸಕ್ಕೆ ಹೋಗಿರುತ್ತದೆ. ನಾತದ ಮೂಲ ಟ್ಯಾಂಕಿನ ಮೇಲೆಯೇ ತೇಲುತ್ತಿರುತ್ತದೆ: ಕೆಲವು ಮಿಲಿಮೀಟರ್ ದಪ್ಪದ, ಕಂದು ಬಣ್ಣದ ಎಣ್ಣೆ.

ಈ ಎಣ್ಣೆಯನ್ನು ತೆಗೆಯುವ ಸಾಧನವೇ ಆಯಿಲ್ ಸ್ಕಿಮ್ಮರ್. ಒಂದು ಪಟ್ಟಿ, ಒಂದು ಸಣ್ಣ ಮೋಟಾರು, ಎರಡು ರಬ್ಬರ್ ಬ್ಲೇಡು. ಇಷ್ಟು ಸರಳವಾದ ಯಂತ್ರ ಕಾರ್ಖಾನೆಯಲ್ಲಿ ಇನ್ನೊಂದು ಇರಲಾರದು. ಆದರೂ ಕೊಂಡು ತಂದ ಕೆಲವೇ ತಿಂಗಳಲ್ಲಿ ಬನಿಯನ್ ವೇಸ್ಟಿನ ಮೂಟೆಗಳ ಹಿಂದೆ ಧೂಳು ತಿನ್ನುತ್ತಾ ಕೂರುವ ಯಂತ್ರಗಳಲ್ಲಿ ಇದೂ ಒಂದು. ‘ಸರಿಯಾಗಿ ಎಣ್ಣೆ ಎತ್ತುವುದಿಲ್ಲ ಸಾರ್’ ಎಂಬುದು ಸಾಮಾನ್ಯ ದೂರು. ದೂರಿನ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಸ್ಕಿಮ್ಮರ್ ಎಣ್ಣೆಯನ್ನೂ ನೀರನ್ನೂ ಬೇರ್ಪಡಿಸುತ್ತದೆ ಎಂದು ಕೊಂಡವರು ನಂಬಿರುತ್ತಾರೆ. ಅದು ಬೇರ್ಪಡಿಸುವುದಿಲ್ಲ. ಬೇರ್ಪಡಿಸುವುದು ಗುರುತ್ವ, ಆಗಲೇ ಬೇರೆಯಾಗಿ ಮೇಲೆ ಬಂದು ನಿಂತದ್ದನ್ನು ಸ್ಕಿಮ್ಮರ್ ಎತ್ತಿಕೊಳ್ಳುತ್ತದೆ. ಗುರುತ್ವಕ್ಕೆ ಕೆಲಸ ಮಾಡಲು ಹೊತ್ತು ಕೊಡದಿದ್ದರೆ ಎಷ್ಟು ದುಬಾರಿಯ ಸ್ಕಿಮ್ಮರ್ ತಂದರೂ ಅದರ ಪಟ್ಟಿ ಬರಿ ನೀರಲ್ಲಿ ಸುತ್ತುತ್ತಿರುತ್ತದೆ.

ಈ ಎಣ್ಣೆ ಅಲ್ಲಿಗೆ ಬಂದದ್ದಾದರೂ ಹೇಗೆ? ಲೋಹ ಕತ್ತರಿಸುವಾಗ ಟೂಲಿನ ತುದಿ ಸುಡುತ್ತದೆ. ಅದರ ಮೇಲೆ ಧಾರಾಳವಾಗಿ ನೀರು ಸುರಿದರೆ ಕತ್ತರಿಸುವ ವೇಗವನ್ನು ಮೂವತ್ತು ನಲವತ್ತು ಶೇಕಡಾ ಹೆಚ್ಚಿಸಬಹುದು ಎಂದು 1880ರ ದಶಕದಲ್ಲಿ ಅಮೆರಿಕದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಪ್ರಯೋಗ ಮಾಡಿ ತೋರಿಸಿದ. ತುಕ್ಕು ಹಿಡಿಯದಿರಲಿ ಎಂದು ಆ ನೀರಿಗೆ ಸೋಡಾ ಬೆರೆಸುತ್ತಿದ್ದರು. ಇಂದು ಸೋಡಾದ ಜಾಗದಲ್ಲಿ ಸಾಬೂನಿನ ಗುಣದ ಎಮಲ್ಸಿಫೈಯರ್ ಸೇರಿದ ಎಣ್ಣೆ ಬಂದಿದೆ. ನೂರು ಲೀಟರ್ ನೀರಿಗೆ ಐದರಿಂದ ಹತ್ತು ಲೀಟರ್ ಹಾಕಿ ಕಲಕಿದರೆ ಹಾಲಿನಂಥ ಬಿಳಿಯ ದ್ರವವಾಗುತ್ತದೆ. ಇದೇ ಕೂಲೆಂಟ್.

ಈ ಎಣ್ಣೆಯ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಕರೆಯದೆ ಬರುವ ಎಣ್ಣೆಯ ಬಗ್ಗೆ. ಸಿಎನ್‌ಸಿ ಯಂತ್ರದ ಸ್ಲೈಡ್‌ಗಳು ಜಾರಲು 68 ನಂಬರ್ ಆಯಿಲ್ ಬೇಕು. ಲ್ಯೂಬ್ ಪಂಪು ಅದನ್ನು ಆಗಾಗ ಒಂದಿಷ್ಟು ಚಿಮುಕಿಸುತ್ತಲೇ ಇರುತ್ತದೆ, ಅದು ಲ್ಯೂಬ್ ಟ್ಯಾಂಕಿಗೆ ಹಿಂತಿರುಗುವ ವ್ಯವಸ್ಥೆ ಇರುವುದಿಲ್ಲ. ಸ್ಲೈಡಿನಿಂದ ಇಳಿದದ್ದು ಕೂಲೆಂಟಿನ ಜೊತೆ ಹರಿದು ಕೆಳಗಿನ ಟ್ಯಾಂಕಿಗೇ ಬಂದು ಬೀಳಬೇಕು. ಅಂದರೆ ವಾರಕ್ಕೆ ಎಷ್ಟು ಲ್ಯೂಬ್ ಆಯಿಲ್ ತುಂಬಿಸುತ್ತೀರೋ ಹೆಚ್ಚುಕಡಿಮೆ ಅಷ್ಟೂ ಕೂಲೆಂಟಿಗೆ ಸೇರುತ್ತದೆ. ಹೈಡ್ರಾಲಿಕ್ ಚಕ್ಕಿನ ಸೀಲು ಸವೆದಿದ್ದರೆ ಅದರ ಪಾಲೂ ಉಂಟು. ಶಾಪುಗಳಲ್ಲಿ ಇದನ್ನೆಲ್ಲ ಒಟ್ಟಾಗಿ ಟ್ರ್ಯಾಂಪ್ ಆಯಿಲ್ ಎನ್ನುತ್ತಾರೆ.

ಟ್ರ್ಯಾಂಪ್ ಆಯಿಲ್ ಮಾಡುವ ಹಾನಿಯಲ್ಲಿ ದೊಡ್ಡದು ಉಸಿರುಕಟ್ಟಿಸುವುದು. ಕೂಲೆಂಟಿನಲ್ಲಿ ಬ್ಯಾಕ್ಟೀರಿಯಾ ಯಾವಾಗಲೂ ಇರುತ್ತವೆ. ಯಂತ್ರ ಓಡುವಾಗ ದ್ರವ ಚಿಮ್ಮಿ, ಬಿದ್ದು, ಗಾಳಿಯನ್ನು ಬೆರೆಸಿಕೊಳ್ಳುತ್ತಿರುತ್ತದೆ. ನಿಂತ ಮೇಲೆ ಎಣ್ಣೆ ಮೇಲೇರಿ ಇಡೀ ಟ್ಯಾಂಕಿಗೆ ಮುಚ್ಚಳ ಹಾಕುತ್ತದೆ. ಒಳಗಿದ್ದ ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳೇ ಮುಗಿಸುತ್ತವೆ, ಹೊಸದಾಗಿ ಕರಗಲು ದಾರಿಯಿಲ್ಲ. ಆಗ ಆಮ್ಲಜನಕವಿಲ್ಲದೆ ಬದುಕಬಲ್ಲ ಇನ್ನೊಂದು ಗುಂಪಿಗೆ ಸುಗ್ಗಿ. ಅವು ನೀರಿನಲ್ಲಿರುವ ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸಲ್ಫೇಟಿಗೂ ಬರವಿರುವುದಿಲ್ಲ. ಸೋಮವಾರ ಪಂಪು ತಿರುಗಿದಾಗ ಅಡಿಯಲ್ಲಿ ಕರಗಿ ಕೂತಿದ್ದ ಅನಿಲವೆಲ್ಲ ಒಮ್ಮೆಗೇ ಹೊರಬೀಳುತ್ತದೆ. ಕೆಲವು ಶಾಪುಗಳಲ್ಲಿ ಶನಿವಾರ ಸಂಜೆ ಮೀನಿನ ತೊಟ್ಟಿಗೆ ಹಾಕುವ ಚಿಕ್ಕ ಗಾಳಿಪಂಪನ್ನು ಕೂಲೆಂಟಿನೊಳಗೆ ಬಿಟ್ಟು ಹೋಗುತ್ತಾರೆ. ನೋಡುವವರಿಗೆ ನಗು ಬರಬಹುದು, ಅದರ ವಿಜ್ಞಾನ ಮಾತ್ರ ಸರಿಯಾಗಿದೆ.

ನಾತದ ಜೊತೆಗೆ ಬೇರೆ ನಷ್ಟಗಳೂ ಇವೆ. ಬಿಸಿ ಟೂಲಿಗೆ ತಾಗಿದ ಟ್ರ್ಯಾಂಪ್ ಆಯಿಲ್ ಹೊಗೆಯಾಗಿ, ಮಂಜಾಗಿ ಶೆಡ್ಡಿನ ಗಾಳಿಗೆ ಸೇರುತ್ತದೆ. ಕೆಟ್ಟ ಕೂಲೆಂಟಿನಲ್ಲಿ ಕೈ ಅದ್ದುವವರಿಗೆ ತುರಿಕೆ, ಚರ್ಮ ಬಿರಿಯುವುದು. ಕೂಲೆಂಟಿನ ಸಾಂದ್ರತೆ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಗೆರೆ ಮಸುಕಾಗಿ, ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಆಪರೇಟರ್ ಇನ್ನಷ್ಟು ನೀರು ಸುರಿಯುತ್ತಾನೆ, ತೆಳುವಾದ ಕೂಲೆಂಟಿನಲ್ಲಿ ಬ್ಯಾಕ್ಟೀರಿಯಾ ಇನ್ನಷ್ಟು ಹೆಚ್ಚುತ್ತವೆ.

ಈಗ ಎಣ್ಣೆ ಮೇಲೇಳುವ ಲೆಕ್ಕಕ್ಕೆ ಬರೋಣ. ಈ ಅಧ್ಯಾಯದ ತಿರುಳು ಇಲ್ಲೇ ಇದೆ.

ದ್ರವದೊಳಗೆ ಒಂದು ಪುಟ್ಟ ಗೋಲಿ ಎಷ್ಟು ವೇಗವಾಗಿ ಮೇಲೇಳುತ್ತದೆ ಅಥವಾ ಮುಳುಗುತ್ತದೆ ಎಂಬ ಸೂತ್ರವನ್ನು ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಕೊಟ್ಟ. ಎಣ್ಣೆಗೂ ನೀರಿಗೂ ಇರುವ ಸಾಂದ್ರತೆಯ ವ್ಯತ್ಯಾಸ ಹೆಚ್ಚಿದಷ್ಟೂ ವೇಗ ಹೆಚ್ಚು, ದ್ರವ ಜಿಗುಟಾದಷ್ಟೂ ವೇಗ ಕಡಿಮೆ. ಇದನ್ನು ಯಾರೂ ಊಹಿಸಬಹುದು. ಸುಲಭವಾಗಿ ಊಹೆಗೆ ಸಿಗದ ಸಂಗತಿಯೆಂದರೆ ಹನಿಯ ಗಾತ್ರದ ಪಾತ್ರ. ವೇಗವು ಹನಿಯ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹನಿ ಹತ್ತು ಪಟ್ಟು ಚಿಕ್ಕದಾದರೆ ಮೇಲೇಳುವ ವೇಗ ನೂರು ಪಟ್ಟು ಇಳಿಯುತ್ತದೆ.

ಅಂಕಿ ಹಾಕಿ ನೋಡಿ. ಟ್ರ್ಯಾಂಪ್ ಆಯಿಲ್ ನೀರಿಗಿಂತ ಲೀಟರಿಗೆ ಸುಮಾರು 100 ಗ್ರಾಂ ಹಗುರ ಎಂದಿಟ್ಟುಕೊಳ್ಳೋಣ. ಟ್ಯಾಂಕಿನಲ್ಲಿ 30 ಸೆಂಟಿಮೀಟರ್ ಆಳದ ದ್ರವವಿದೆ. 150 ಮೈಕ್ರಾನ್ ವ್ಯಾಸದ ಹನಿ, ಅಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಭಾಗದಷ್ಟು, ಸೆಕೆಂಡಿಗೆ 1.2 ಮಿಲಿಮೀಟರ್ ಏರುತ್ತದೆ. ತಳದಿಂದ ಮೇಲ್ಮೈಗೆ ಬರಲು ಸುಮಾರು ನಾಲ್ಕು ನಿಮಿಷ ಸಾಕು. ಹನಿ 15 ಮೈಕ್ರಾನ್ ಆದರೆ ಅದೇ ದೂರಕ್ಕೆ ಏಳು ಗಂಟೆಯ ಹತ್ತಿರ ಬೇಕು. 1.5 ಮೈಕ್ರಾನ್ ಆದರೆ ನಾಲ್ಕು ವಾರ. ಎಣ್ಣೆಯೂ ಅದೇ, ಟ್ಯಾಂಕೂ ಅದೇ.

ಈ ಪಾಠವನ್ನು ಕಾರ್ಖಾನೆಗಳಿಗಿಂತ ಮೊದಲು ಕಲಿತು ಬಳಸಿಕೊಂಡದ್ದು ಡೇರಿಯವರು. ಹಸುವಿನ ಹಾಲಿನ ಕೊಬ್ಬಿನ ಕಣ ಸರಾಸರಿ ಮೂರು ನಾಲ್ಕು ಮೈಕ್ರಾನ್ ಗಾತ್ರದ್ದು. ಹಾಲನ್ನು ಅಲ್ಲಾಡಿಸದೆ ಇಟ್ಟರೆ ಅವು ಗುಂಪು ಕಟ್ಟಿಕೊಂಡು ಕೆನೆಯಾಗಿ ಮೇಲೆ ಬರುತ್ತವೆ. 1878ರಲ್ಲಿ ಸ್ವೀಡನ್ನಿನ ಗುಸ್ಟಾಫ್ ಡಿ ಲಾವಾಲ್ ಹಾಲನ್ನು ಗಿರಗಿರನೆ ತಿರುಗಿಸಿ, ಗುರುತ್ವಕ್ಕಿಂತ ಬಹುಪಟ್ಟು ಹೆಚ್ಚಿನ ಬಲದಿಂದ ಕೆನೆ ತೆಗೆಯುವ ಯಂತ್ರ ಮಾಡಿದ. 1899ರಲ್ಲಿ ಫ್ರಾನ್ಸಿನ ಓಗ್ಯೂಸ್ತ್ ಗೋಲ್ಯಾಂ ಇದಕ್ಕೆ ತೀರ ವಿರುದ್ಧವಾದ ಯಂತ್ರಕ್ಕೆ ಪೇಟೆಂಟ್ ಪಡೆದ: ಹಾಲನ್ನು ಕಿರಿದಾದ ಸಂದಿಯಲ್ಲಿ ಒತ್ತಡದಿಂದ ನುಗ್ಗಿಸಿ ಕೊಬ್ಬಿನ ಕಣಗಳನ್ನು ಒಂದು ಮೈಕ್ರಾನಿಗಿಂತ ಚಿಕ್ಕದಾಗಿ ಒಡೆಯುವುದು. ಪ್ಯಾಕೆಟ್ಟಿನ ಹೋಮೊಜಿನೈಸ್ಡ್ ಹಾಲಿನ ಮೇಲೆ ಕೆನೆ ನಿಲ್ಲದಿರುವುದಕ್ಕೆ ಇದೇ ಕಾರಣ.

ನಿಮ್ಮ ಕೂಲೆಂಟ್ ಪಂಪು ಗೊತ್ತಿಲ್ಲದೆಯೇ ಗೋಲ್ಯಾಂನ ಕೆಲಸ ಮಾಡುತ್ತಿರುತ್ತದೆ. ಸ್ಲೈಡಿನಿಂದ ದೊಡ್ಡ ದೊಡ್ಡ ಹನಿಗಳಾಗಿ ಬಂದು ಬೀಳುವ ಎಣ್ಣೆಯನ್ನು ಅದು ಒಳಗೆಳೆದುಕೊಂಡು, ಇಂಪೆಲರಿನಲ್ಲಿ ಬಡಿದು, ಸಣ್ಣ ನಾಜಲ್ಲಿನಿಂದ ಚಿಮ್ಮಿಸಿ ಪುಡಿ ಮಾಡುತ್ತದೆ. ಕೂಲೆಂಟಿನಲ್ಲಿರುವ ಎಮಲ್ಸಿಫೈಯರ್ ಆ ಪುಡಿಯ ಸುತ್ತ ಕವಚ ಹಾಕಿ, ಎರಡು ಹನಿ ಸೇರಿ ಒಂದಾಗದಂತೆ ತಡೆಯುತ್ತದೆ. ಒಂದು ಸಲ ಈ ಸ್ಥಿತಿಗೆ ಬಂದ ಎಣ್ಣೆಯನ್ನು ಯಾವ ಸ್ಕಿಮ್ಮರೂ ತೆಗೆಯಲಾರದು. ಆದ್ದರಿಂದ ಎಣ್ಣೆಯನ್ನು ಪಂಪಿಗೆ ಸಿಗುವ ಮೊದಲೇ ಹಿಡಿಯಬೇಕು. ಸ್ಕಿಮ್ಮರಿನ ಜಾಗ ಟ್ಯಾಂಕಿನಲ್ಲಿ ಪಂಪಿನಿಂದ ಆದಷ್ಟು ದೂರ, ಕೂಲೆಂಟ್ ಹಿಂತಿರುಗಿ ಬೀಳುವ ರಭಸವೂ ತಟ್ಟದ ಮೂಲೆಯಲ್ಲಿ. ಬಹಳ ಕಡೆ ಅದನ್ನು ಕೂರಿಸಿರುವುದು ಬ್ರ್ಯಾಕೆಟ್ ಬಿಗಿಯಲು ಅನುಕೂಲವಾದ ಜಾಗದಲ್ಲಿ. ಆ ಜಾಗ ಸಾಮಾನ್ಯವಾಗಿ ಪಂಪಿನ ಪಕ್ಕ!

ಸ್ಕಿಮ್ಮರ್ ಹಾಕಿದರೆ ಕೂಲೆಂಟಿನ ಸ್ವಂತ ಎಣ್ಣೆಯೂ ಹೋಗಿಬಿಡುತ್ತದೆಯೇ ಎಂಬ ಆತಂಕ ಕೆಲವರಿಗೆ. ಹೋಗುವುದಿಲ್ಲ. ಅದು ಮೇಲೇಳಲಾರದಷ್ಟು ಸಣ್ಣ ಹನಿಗಳಾಗಿ ಇರುವಂತೆ ಮಾಡಿಯೇ ಮಾರಿರುತ್ತಾರೆ. ಅದೂ ಮೇಲೆ ಬರತೊಡಗಿದೆ ಎಂದರೆ ಕೂಲೆಂಟ್ ಒಡೆದಿದೆ, ಬದಲಾಯಿಸುವ ಕಾಲ ಬಂದಿದೆ ಎಂದರ್ಥ.

ಟ್ಯಾಂಕ್ ಆಳವಾಗಿದ್ದರೆ ಒಳ್ಳೆಯದು ಎಂದು ಅನ್ನಿಸುವುದು ಸಹಜ. 1904ರಲ್ಲಿ ಅಮೆರಿಕದ ಎಂಜಿನಿಯರ್ ಆಲನ್ ಹೇಜನ್ ಈ ಅನಿಸಿಕೆಯನ್ನು ಬುಡಮೇಲು ಮಾಡಿದ. ಅವನು ಯೋಚಿಸುತ್ತಿದ್ದದ್ದು ಕುಡಿಯುವ ನೀರಿನ ಕೆಸರು ತಳಕ್ಕಿಳಿಯುವ ಬಗ್ಗೆ. ಲೆಕ್ಕ ಎಣ್ಣೆಗೂ ಒಂದೇ, ದಿಕ್ಕು ಮಾತ್ರ ತಲೆಕೆಳಗು. ನಿಮಿಷಕ್ಕೆ ಇಷ್ಟು ಲೀಟರ್ ಹರಿಯುವ ತೊಟ್ಟಿಯಲ್ಲಿ ಹನಿ ಮೇಲೆ ತಲುಪುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ತೊಟ್ಟಿಯ ಮೇಲ್ಮೈ ವಿಸ್ತೀರ್ಣ. ಆಳ ಹೆಚ್ಚಿಸಿದರೆ ನೀರು ನಿಧಾನವಾಗುತ್ತದೆ ನಿಜ, ಹನಿ ಏರಬೇಕಾದ ದೂರವೂ ಅಷ್ಟೇ ಹೆಚ್ಚುತ್ತದೆ. ಎರಡೂ ಸರಿಸಮ ಆಗಿಬಿಡುತ್ತವೆ. ಒಂದು ಚದರ ಮೀಟರ್ ಮೇಲ್ಮೈಯ ಟ್ಯಾಂಕು, ನಿಮಿಷಕ್ಕೆ 50 ಲೀಟರ್ ಎಳೆಯುವ ಪಂಪು ಎಂದುಕೊಳ್ಳಿ. ಹರಿವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 0.8 ಮಿಲಿಮೀಟರ್ ಬರುತ್ತದೆ. ಇದಕ್ಕಿಂತ ಬೇಗ ಏರಬಲ್ಲ ಹನಿಗಳು, ಅಂದರೆ 120 ಮೈಕ್ರಾನಿಗಿಂತ ದೊಡ್ಡವು, ಬಚಾವಾಗಿ ಮೇಲೆ ಬರುತ್ತವೆ. ಉಳಿದವುಗಳಲ್ಲಿ ಬಹುಪಾಲು ಮತ್ತೆ ಪಂಪಿನ ಬಾಯಿಗೆ ಹೋಗುತ್ತವೆ. ಇದು ಎಲ್ಲೂ ಸುಳಿಯಿಲ್ಲದ ಆದರ್ಶ ಟ್ಯಾಂಕಿನ ಲೆಕ್ಕ. ಲೋಹದ ಚಿಪ್ಸ್ ತುಂಬಿದ ನಿಜವಾದ ಟ್ಯಾಂಕಿನಲ್ಲಿ ಪರಿಸ್ಥಿತಿ ಇನ್ನೂ ಕಡೆ.

ಯಂತ್ರ ನಿಂತಿತೆನ್ನಿ. ಹರಿವು ಸೊನ್ನೆ. ಈಗ 15 ಮೈಕ್ರಾನಿನ ಹನಿಗೂ ರಾತ್ರಿಯಿಡೀ ಸಮಯವಿದೆ. ಸೋಮವಾರದ ನಾತಕ್ಕೆ ಕಾರಣವಾಗುವ ಭಾನುವಾರದ ಆ ನಿಶ್ಚಲ ಹೊತ್ತೇ ಎಣ್ಣೆ ತೆಗೆಯಲು ಹೇಳಿ ಮಾಡಿಸಿದ ಹೊತ್ತು. ಹಗಲೆಲ್ಲ ಯಂತ್ರದ ಜೊತೆ ಸ್ಕಿಮ್ಮರನ್ನೂ ಓಡಿಸಿ, ಸಂಜೆ ಮೇನ್ ಸ್ವಿಚ್ ಆರಿಸಿ ಮನೆಗೆ ಹೋಗುವ ಪದ್ಧತಿ ಎಷ್ಟು ತಿರುಗುಮುರುಗು ನೋಡಿ. ಕೆಲವು ನೂರು ರೂಪಾಯಿಗೆ ಒಂದು ಟೈಮರ್ ಸಿಗುತ್ತದೆ. ಸ್ಕಿಮ್ಮರಿಗೆ ಬೇರೆ ಪ್ಲಗ್ ಕೊಟ್ಟು, ಯಂತ್ರ ನಿಂತು ಒಂದೆರಡು ಗಂಟೆಯಾದ ಮೇಲೆ ಒಂದಿಷ್ಟು ಹೊತ್ತು, ಬೆಳಗಿನ ಪಾಳಿ ಶುರುವಾಗುವ ಮುಂಚೆ ಇನ್ನೊಂದಿಷ್ಟು ಹೊತ್ತು ಓಡುವಂತೆ ಇಟ್ಟರೆ ಆ ಟೈಮರ್ ಹೊಸ ಸ್ಕಿಮ್ಮರಿಗಿಂತ ಹೆಚ್ಚು ಉಪಕಾರ ಮಾಡುತ್ತದೆ.

ಮೇಲೆ ಬಂದ ಎಣ್ಣೆಯನ್ನು ಪಟ್ಟಿ ಹೇಗೆ ಎತ್ತುತ್ತದೆ ಎಂಬುದು ಮುಂದಿನ ಪ್ರಶ್ನೆ. ಒಂದು ದ್ರವ ಒಂದು ಮೇಲ್ಮೈಗೆ ಎಷ್ಟು ಅಂಟುತ್ತದೆ ಎಂಬುದನ್ನು ಆ ಎರಡರ ನಡುವಣ ಕೋನದಿಂದ ಅಳೆಯಬಹುದು ಎಂದು 1805ರಲ್ಲಿ ಥಾಮಸ್ ಯಂಗ್ ತೋರಿಸಿದ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಖನಿಜ ತೈಲದ್ದು 30ರ ಆಸುಪಾಸು. ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್ಕಿನ ಮೇಲ್ಮೈ ಶಕ್ತಿಯೂ ಅಷ್ಟರದ್ದೇ. ಹೀಗಾಗಿ ಪ್ಲಾಸ್ಟಿಕ್ಕಿನ ಮೇಲೆ ನೀರು ಮುತ್ತುಗಟ್ಟಿ ಜಾರಿಹೋಗುತ್ತದೆ, ಎಣ್ಣೆ ತೆಳ್ಳಗೆ ಹರಡಿ ಕೂರುತ್ತದೆ. ಪಟ್ಟಿ ಮೇಲೆ ಬಂದಾಗ ಎರಡು ಬದಿಯ ಬ್ಲೇಡುಗಳು ಆ ಎಣ್ಣೆಯನ್ನು ಬಳಿದು ತೂಬಿಗೆ ಬಿಡುತ್ತವೆ. ಉಕ್ಕಿನ ಪಟ್ಟಿಗೆ ನೀರೂ ಅಂಟುತ್ತದೆ, ಎಣ್ಣೆಯೂ ಅಂಟುತ್ತದೆ. ಒಮ್ಮೆ ಎಣ್ಣೆ ಹಿಡಿದ ಮೇಲೆ ಅದೂ ಎಣ್ಣೆಯನ್ನೇ ಬಯಸುತ್ತದೆ. ಬಿಸಿ ದ್ರವಕ್ಕೆ, ಚೂಪು ಚಿಪ್ಸ್ ಇರುವ ಕಡೆಗೆ ಉಕ್ಕೇ ವಾಸಿ.

ಇಲ್ಲೊಂದು ಕೊಕ್ಕೆ ಇದೆ. ಮಾರಾಟಗಾರ ಒಂದು ಬಕೆಟ್ ನಲ್ಲಿಯ ನೀರಿಗೆ ಎಂಜಿನ್ ಆಯಿಲ್ ಸುರಿದು ತೋರಿಸುವಾಗ ಪಟ್ಟಿ ಅಚ್ಚುಕಟ್ಟಾಗಿ ಎಣ್ಣೆಯನ್ನಷ್ಟೇ ತರುತ್ತದೆ. ಕೂಲೆಂಟ್ ಎಂದರೆ ನಲ್ಲಿಯ ನೀರಲ್ಲ. ಅದರಲ್ಲಿರುವ ಎಮಲ್ಸಿಫೈಯರ್ ನೀರಿನ ಮೇಲ್ಮೈ ಎಳೆತವನ್ನು ಸುಮಾರು ಅರ್ಧಕ್ಕೆ ಇಳಿಸಿರುತ್ತದೆ, ಅಂದರೆ ಎಣ್ಣೆಯ ಹತ್ತಿರಕ್ಕೆ ತಂದಿರುತ್ತದೆ. ಹೀಗಾಗಿ ಪಟ್ಟಿಗೆ ಕೂಲೆಂಟೂ ಅಂಟಿಕೊಂಡು ಬರುತ್ತದೆ. ಮೇಲೆ ಎಣ್ಣೆ ಇರುವವರೆಗೆ ಪರವಾಗಿಲ್ಲ. ಎಣ್ಣೆ ಮುಗಿದ ಮೇಲೂ ಪಟ್ಟಿ ಓಡುತ್ತಿದ್ದರೆ ಡಬ್ಬಕ್ಕೆ ಬೀಳುವುದು ದುಡ್ಡು ಕೊಟ್ಟು ಕೊಂಡ ಕೂಲೆಂಟ್. ಟೈಮರ್ ಬೇಕೆನ್ನುವುದಕ್ಕೆ ಇದು ಎರಡನೆಯ ಕಾರಣ. ತೂಬಿನ ಕೆಳಗೆ ಒಂದು ಚಿಕ್ಕ ಡಿಕ್ಯಾಂಟರ್ ಡಬ್ಬ ಇಟ್ಟು, ಬಂದದ್ದೆಲ್ಲ ಅದರಲ್ಲಿ ಸ್ವಲ್ಪ ಹೊತ್ತು ನಿಂತು, ಅಡಿಗೆ ಇಳಿದ ಕೂಲೆಂಟ್ ಟ್ಯಾಂಕಿಗೆ ಮರಳುವಂತೆ ಮಾಡುವುದೂ ಉಂಟು.

ಪಟ್ಟಿಯ ವೇಗ ಹೆಚ್ಚಿಸಿದರೆ? ದ್ರವದಿಂದ ಮೇಲೆಳೆದ ಹಾಳೆಯ ಮೇಲೆ ಎಷ್ಟು ದಪ್ಪದ ಪದರ ಉಳಿಯುತ್ತದೆ ಎಂಬ ಲೆಕ್ಕವನ್ನು 1942ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಲೆವ್ ಲಂಡಾವ್ ಮತ್ತು ಬೆಂಜಮಿನ್ ಲೆವಿಚ್ ಮಾಡಿದರು. ವೇಗ ಹೆಚ್ಚಿದಂತೆ ಪದರವೂ ದಪ್ಪವಾಗುತ್ತದೆ, ವೇಗದಷ್ಟೇ ಪ್ರಮಾಣದಲ್ಲಿ ಅಲ್ಲದಿದ್ದರೂ. ಹಾಗಾದರೆ ಜೋರಾಗಿ ಓಡಿಸಿದರೆ ಲಾಭ ಎನ್ನಿಸುತ್ತದೆ. ಆದರೆ ಟ್ಯಾಂಕಿನ ಮೇಲಿನ ಎಣ್ಣೆ ಪಟ್ಟಿಯ ಕಡೆಗೆ ಹರಿದು ಬರಲು ಅದರದೇ ಸಮಯ ತೆಗೆದುಕೊಳ್ಳುತ್ತದೆ. ಅದಕ್ಕಿಂತ ಬೇಗ ಓಡಿದ ಪಟ್ಟಿ ಎಣ್ಣೆಯ ಪದರದಲ್ಲಿ ತೂತು ಮಾಡಿ ಕೆಳಗಿನ ನೀರನ್ನು ಎಳೆದು ತರುತ್ತದೆ, ಜೊತೆಗೆ ಮೇಲ್ಮೈಯನ್ನೂ ಕಲಕುತ್ತದೆ.

ಕ್ಯಾಟಲಾಗಿನಲ್ಲಿ ‘ಗಂಟೆಗೆ ಇಷ್ಟು ಲೀಟರ್’ ಎಂಬ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದಕ್ಕೆ ಮರುಳಾಗಬೇಕಿಲ್ಲ. 5 ಸೆಂಟಿಮೀಟರ್ ಅಗಲದ ಪಟ್ಟಿ, ನಿಮಿಷಕ್ಕೆ 5 ಮೀಟರ್ ವೇಗ, ಎರಡೂ ಬದಿಗೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಎಣ್ಣೆ. ಗುಣಿಸಿದರೆ ಗಂಟೆಗೆ 3 ಲೀಟರ್. ವಾರಕ್ಕೆ ಒಂದು ಲೀಟರ್ ಲ್ಯೂಬ್ ಕುಡಿಯುವ ಯಂತ್ರಕ್ಕೆ ಈ ಪುಟ್ಟ ಪಟ್ಟಿ ವಾರದಲ್ಲಿ ಅರ್ಧ ಗಂಟೆ ಓಡಿದರೂ ಲೆಕ್ಕದ ಪ್ರಕಾರ ಸಾಕು. ಗಂಟೆಗೆ 20 ಲೀಟರಿನದು ಬೇಕೆಂದು ಹೆಚ್ಚು ಹಣ ಕೊಟ್ಟು ತಂದರೆ ಹತ್ತೊಂಬತ್ತು ಲೀಟರ್ ಜಾಗದಲ್ಲಿ ಏನು ಬರಬೇಕು?

ಪಟ್ಟಿಯ ಬದಲು ತಟ್ಟೆ, ಡ್ರಮ್ಮು, ಕೊಳವೆ, ಹಗ್ಗ ಬಳಸುವ ಸ್ಕಿಮ್ಮರುಗಳೂ ಇವೆ. ಎಲ್ಲದರ ತತ್ವ ಒಂದೇ. ಆಳವಿಲ್ಲದ ಟ್ಯಾಂಕಿಗೆ ತಟ್ಟೆ. ದೊಡ್ಡ ಹೊಂಡಕ್ಕೆ, ಕಸಕಡ್ಡಿ ತೇಲುವ ಕಡೆಗೆ, ಮೇಲ್ಮೈಯಲ್ಲಿ ಹಾವಿನಂತೆ ಹರಿದಾಡುವ ಕೊಳವೆ ಅಥವಾ ಪಾಲಿಪ್ರೊಪಿಲೀನ್ ಎಳೆಗಳ ಹಗ್ಗ. ಇವಾವುದೂ ಅಲ್ಲದ ವಿಯರ್ ಸ್ಕಿಮ್ಮರಿನಲ್ಲಿ ತೇಲುವ ಬಾಯಿಯ ಅಂಚಿನ ಮೇಲಿಂದ ಎಣ್ಣೆ ಒಳಗೆ ತುಳುಕುತ್ತದೆ. ಎಣ್ಣೆ ದಪ್ಪಗಿದ್ದರೆ ಚೆನ್ನ, ತೆಳುವಾದರೆ ಬರಿ ನೀರು.

ಎಣ್ಣೆ ತೆಗೆದಾದ ಮೇಲೂ ಟ್ಯಾಂಕಿನ ಮೇಲೆ ಕಾಮನಬಿಲ್ಲಿನ ಬಣ್ಣ ಮಿನುಗುತ್ತಿರುತ್ತದೆ. ಮಾಲೀಕ ಅದನ್ನು ತೋರಿಸಿ ‘ಇನ್ನೂ ಇದೆಯಲ್ಲ’ ಎಂದು ಸ್ಕಿಮ್ಮರನ್ನು ದೂರುತ್ತಾನೆ. ಆ ಬಣ್ಣದ ಪದರದ ದಪ್ಪ ಒಂದು ಮೈಕ್ರಾನಿನ ಮೂರನೆಯ ಒಂದು ಭಾಗದಿಂದ ಐದು ಮೈಕ್ರಾನ್. ಚದರ ಮೀಟರಿಗೆ ಒಂದು ಮೈಕ್ರಾನ್ ಎಂದರೆ ಒಂದು ಮಿಲಿಲೀಟರ್ ಎಣ್ಣೆ. ಅದೇ ಜಾಗದಲ್ಲಿ ಒಂದು ಮಿಲಿಮೀಟರ್ ದಪ್ಪದ ಕಂದು ಪದರ ಎಂದರೆ ಒಂದು ಲೀಟರ್. ಕಣ್ಣಿಗೆ ಬಣ್ಣ ಹೆಚ್ಚು ಕುಕ್ಕುತ್ತದೆ, ಹೆದರಬೇಕಾದದ್ದು ಕಂದಿಗೆ.

ಎಣ್ಣೆ ಎಷ್ಟು ತೆಳ್ಳಗೆ ಹರಡಬಲ್ಲದು ಎಂಬುದನ್ನು ಜಗತ್ತಿಗೆ ಬರೆದು ತಿಳಿಸಿದವನು ಬೆಂಜಮಿನ್ ಫ್ರಾಂಕ್ಲಿನ್. ಲಂಡನ್ನಿನ ಕ್ಲಾಪಮ್ ಕೊಳದಲ್ಲಿ ಒಂದು ಟೀ ಚಮಚಕ್ಕಿಂತ ಹೆಚ್ಚಿಲ್ಲದ ಎಣ್ಣೆ ಸುಮಾರು ಅರ್ಧ ಎಕರೆ ನೀರನ್ನು ನಯವಾಗಿಸಿದ್ದನ್ನು ಅವನು 1774ರಲ್ಲಿ ಪ್ರಕಟಿಸಿದ. ಆ ಚಮಚವನ್ನು ಅರ್ಧ ಎಕರೆಗೆ ಹಂಚಿದರೆ ಸಿಗುವ ದಪ್ಪ ಒಂದೆರಡು ನ್ಯಾನೊಮೀಟರ್, ಅಂದರೆ ಒಂದು ಅಣುವಿನ ಉದ್ದದಷ್ಟು. ಫ್ರಾಂಕ್ಲಿನ್ ಆ ಭಾಗಾಕಾರ ಮಾಡಲಿಲ್ಲ. ನೂರು ವರ್ಷಗಳ ನಂತರ ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ ಆಗ್ನೆಸ್ ಪೊಕೆಲ್ಸ್ ಎಂಬ ತರುಣಿ ಮನೆಯಲ್ಲೇ ತಗಡಿನ ತೊಟ್ಟಿಯೊಂದನ್ನು ಮಾಡಿಕೊಂಡು, ನೀರಿನ ಮೇಲೆ ಒಂದು ಪಟ್ಟಿಯನ್ನು ಸರಿಸುತ್ತ ಮೇಲ್ಮೈಯ ಕೊಳೆಯನ್ನು ಗುಡಿಸುವ ವಿಧಾನ ಕಂಡುಕೊಂಡಳು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ. 1891ರಲ್ಲಿ ಆಕೆ ತನಗೆ ಬರೆದ ಪತ್ರವನ್ನು ಭೌತವಿಜ್ಞಾನಿ ಲಾರ್ಡ್ ರೇಲಿ ‘ನೇಚರ್’ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದ. ಮೇಲ್ಮೈ ವಿಜ್ಞಾನ ಎಂಬ ಶಾಖೆಯೇ ಆ ತೊಟ್ಟಿಯಿಂದ ಬೆಳೆಯಿತು.

ದೊಡ್ಡ ಕಾರ್ಖಾನೆಗಳಿಗೆ ಈ ವಿಚಾರ ಹೊಸದಲ್ಲ. ಉಕ್ಕಿನ ಬಿಸಿ ರೋಲಿಂಗ್ ಮಿಲ್ಲಿನಲ್ಲಿ ಕೆಂಪಗೆ ಕಾದ ಹಾಳೆಯ ಮೇಲೆ ಸುರಿದ ನೀರು ಕಬ್ಬಿಣದ ಸ್ಕೇಲನ್ನೂ ಬೇರಿಂಗಿನ ಎಣ್ಣೆಯನ್ನೂ ಹೊತ್ತು ಸ್ಕೇಲ್ ಪಿಟ್ಟಿಗೆ ಬರುತ್ತದೆ. ಭಾರದ ಸ್ಕೇಲ್ ತಳಕ್ಕೆ, ಎಣ್ಣೆ ಮೇಲಕ್ಕೆ. ತೈಲ ಶುದ್ಧೀಕರಣ ಘಟಕಗಳಲ್ಲಿ ಇದಕ್ಕೆಂದೇ ಉದ್ದನೆಯ ತೊಟ್ಟಿಗಳಿರುತ್ತವೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಹೆಸರಿನಲ್ಲಿ ಇವನ್ನು ಎಪಿಐ ಸೆಪರೇಟರ್ ಎನ್ನುತ್ತಾರೆ. ಇವುಗಳ ವಿನ್ಯಾಸಕ್ಕೆ ಆಧಾರ 150 ಮೈಕ್ರಾನಿನ ಹನಿ. ಅದಕ್ಕಿಂತ ಸಣ್ಣವನ್ನು ಹಿಡಿಯಲು ಹೇಜನ್ನನ ಲೆಕ್ಕವನ್ನೇ ಚಾಣಾಕ್ಷತನದಿಂದ ಬಳಸಿಕೊಂಡರು. ಆಳ ಮುಖ್ಯವಲ್ಲ, ವಿಸ್ತೀರ್ಣ ಮುಖ್ಯ ಎಂದಾದರೆ ತೊಟ್ಟಿಯೊಳಗೆ ಓರೆಯಾಗಿ ಹತ್ತಾರು ತಗಡುಗಳನ್ನು ಜೋಡಿಸಿ. ಪ್ರತಿ ತಗಡಿನ ಅಡಿಯೂ ಒಂದೊಂದು ಮೇಲ್ಮೈ. ಹನಿ ತೊಟ್ಟಿಯ ಪೂರ್ತಿ ಆಳ ಏರಬೇಕಾದ ಕಡೆ ಕೆಲವೇ ಸೆಂಟಿಮೀಟರ್ ಏರಿ ತಗಡಿಗೆ ತಾಗಿದರೆ ಸಾಕು, ಅಲ್ಲಿ ನೆರೆಹನಿಗಳೊಡನೆ ಕೂಡಿ ದೊಡ್ಡದಾಗಿ ಓರೆಯಲ್ಲೇ ಜಾರಿ ಮೇಲೆ ಹೋಗುತ್ತದೆ. ಅದಕ್ಕೂ ಸಿಗದವನ್ನು ಗಾಳಿಗುಳ್ಳೆಗಳಿಗೆ ಅಂಟಿಸಿ ತೇಲಿಸುತ್ತಾರೆ, ಕೊನೆಗೆ ಉಳಿದದ್ದು ಬ್ಯಾಕ್ಟೀರಿಯಾಗಳ ಪಾಲು. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯವಿರುವ ಮಂಗಳೂರಿನ ಎಂಆರ್‌ಪಿಎಲ್‌ನಂಥ ಘಟಕಕ್ಕೆ ಇಷ್ಟು ಹಂತಗಳ ವ್ಯವಸ್ಥೆ ಅನಿವಾರ್ಯ.

ನಿಶ್ಚಲತೆ ಇಲ್ಲದ ಕಡೆ ಸ್ಕಿಮ್ಮರಿನ ಗತಿ ಏನಾಗುತ್ತದೆ ಎಂಬುದಕ್ಕೆ ಸಮುದ್ರವೇ ಸಾಕ್ಷಿ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್ಗಿನ ದುರಂತದಲ್ಲಿ ಬಾವಿಯಿಂದ 49 ಲಕ್ಷ ಬ್ಯಾರೆಲ್ ಎಣ್ಣೆ ಚಿಮ್ಮಿತು ಎಂದು ಅಮೆರಿಕ ಸರ್ಕಾರದ ತಜ್ಞರು ಅಂದಾಜು ಮಾಡಿದರು. ಸ್ಕಿಮ್ಮರುಗಳ ಬೃಹತ್ ಪಡೆಯೇ ಇಳಿದಿತ್ತು. ಅವು ಎತ್ತಿದ್ದು ಅದರಲ್ಲಿ ಶೇಕಡಾ 3 ಎಂಬುದು ಅವರದೇ ಲೆಕ್ಕ. ಮರುವರ್ಷ ನ್ಯೂಜೆರ್ಸಿಯ ಪ್ರಯೋಗ ಕೊಳದಲ್ಲಿ ನಡೆದ ಬಹುಮಾನದ ಸ್ಪರ್ಧೆಯಲ್ಲಿ ಗೆರೆ ಕೊರೆದ ತಟ್ಟೆಗಳ ಸ್ಕಿಮ್ಮರೊಂದು ನಿಮಿಷಕ್ಕೆ 4,670 ಗ್ಯಾಲನ್ ಎತ್ತಿ ಗೆದ್ದಿತು. ಎತ್ತಿದ್ದರಲ್ಲಿ ಶೇಕಡಾ 89.5ರಷ್ಟು ಎಣ್ಣೆಯೇ ಇತ್ತು. ಯಂತ್ರ ನಿಸ್ಸಂದೇಹವಾಗಿ ಒಳ್ಳೆಯದು. ಆದರೆ ಕೊಳದಲ್ಲಿ ಎಣ್ಣೆ ಒಂದೇ ಕಡೆ ದಪ್ಪಗೆ ನಿಂತಿರುತ್ತದೆ, ಕಡಲಿನಲ್ಲಿ ಮೈಲಿಗಟ್ಟಲೆ ಹರಡಿರುತ್ತದೆ. 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾಗಿ ಸೋರಿದ ಮಂದ ಎಣ್ಣೆ ನೀರು ಬೆರೆತು ಕೆಸರಿನಂತಾಯಿತು. ಅದನ್ನು ದಡದ ಬಂಡೆಗಳ ನಡುವಿಂದ ಕೊನೆಗೆ ಎತ್ತಿದ್ದು ಬಕೆಟ್ ಹಿಡಿದ ಜನ.

ಅಷ್ಟು ದೂರದ ಮಾತು ಬಿಡಿ. ಪೀಣ್ಯದ ಚರಂಡಿಗೆ ಬಿಟ್ಟದ್ದು ವೃಷಭಾವತಿ ನದಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ, ಅರ್ಕಾವತಿಗೆ, ಕಡೆಗೆ ಕಾವೇರಿಗೆ ಸೇರುತ್ತದೆ. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ನದಿ ಕೆರೆಗಳಿಗೆ ಬಿಡುವ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂಗಿಂತ ಹೆಚ್ಚು ಎಣ್ಣೆ ಮತ್ತು ಗ್ರೀಸ್ ಇರಕೂಡದು. ಸಾರ್ವಜನಿಕ ಒಳಚರಂಡಿಗಾದರೆ 20. ಒಂದೇ ಒಂದು ಲೀಟರ್ ಎಣ್ಣೆ ಸುಮಾರು 87,000 ಲೀಟರ್ ಶುದ್ಧ ನೀರನ್ನು ಆ 10 ಮಿಲಿಗ್ರಾಂ ಮಿತಿಗೆ ತಂದು ನಿಲ್ಲಿಸುತ್ತದೆ. ದೊಡ್ಡ ಟ್ಯಾಂಕರಿನ ಲೆಕ್ಕದಲ್ಲಿ ಏಳು ಲೋಡ್.

ಸ್ಕಿಮ್ಮರ್ ಎತ್ತಿಕೊಟ್ಟ ಎಣ್ಣೆಯೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ, ಅಧಿಕೃತ ಮರುಸಂಸ್ಕರಣೆಯವರಿಗೇ ಕೊಡಬೇಕು. ಗುಜರಿಯವನು ಡ್ರಮ್ಮಿಗೆ ಇಷ್ಟು ಎಂದು ರೊಕ್ಕ ಕೊಟ್ಟು ಒಯ್ದರೆ ಅದು ಎಲ್ಲೋ ಒಲೆಯಲ್ಲಿ ಉರಿದು ಹೊಗೆಯಾಗುವ ಸಂಭವವೇ ಹೆಚ್ಚು. ಆದ್ದರಿಂದ ಶಾಪ್ ನಡೆಸುವವರಲ್ಲಿ ಒಂದು ಕೋರಿಕೆ: ಸ್ಕಿಮ್ಮರ್ ಕೊಳ್ಳುವ ಮೊದಲು ಟ್ಯಾಂಕಿನಲ್ಲಿ ನೀರು ಅಲ್ಲಾಡದ ಮೂಲೆ ಯಾವುದೆಂದು ಗುರುತಿಸಿಕೊಳ್ಳಿ, ಟೈಮರ್ ಹಾಕಿಸಿ, ತುಂಬಿದ ಡ್ರಮ್ ಯಾರ ಕೈ ಸೇರುತ್ತದೆ ಎಂಬುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಪತ್ರ ಕೇಳಿ ಖಚಿತಪಡಿಸಿಕೊಳ್ಳಿ.